ಗುಳಿಗಿ ಅರ್ಧ ಮುರದ್ರ ನಡೀತೈತೇನು? ಪ್ರಾಸ್ಟೇಟ್ ಕ್ಯಾನ್ಸರ್, ಕಡಿಮೆ ಡೋಸ್ ಮತ್ತು ಆಪರೇಷನ್‌ಗೆ ಮುಂಚಿನ ಆ ಕೆಲವು ವಾರ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ, ಮಾತಿನ ಧಾಟಿ ಹಾಗೇ ಇದೆ.)

ಬಸ್ಸಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕುಂತಾವ್ರು, ಹೊಲಕ್ಕ ನೀರು ಹಾಯಿಸ್ಕೋತ ಕೇಳಾವ್ರು, ಬೆಂಗಳೂರಿನ ಪೀಜಿ ರೂಮಿನ್ಯಾಗ ಮಲಗಿ ಕೇಳಾವ್ರು, ಎಲ್ಲಾರ್ಗೂ ಹಮ್ಮಿಗಿಯಿಂದ ನಮಸ್ಕಾರ. ಹಿಂದೆ ಫ್ಯಾನಿನ ಸಪ್ಪಳ ಕೇಳಿದ್ರೆ ಸಹಿಸ್ಕೊಳ್ರಿ. ಈ ಬಿಸಿಲಿಗೆ ಅದನ್ನ ಬಂದ್ ಮಾಡಿ ರೆಕಾರ್ಡ್ ಮಾಡೋದು ನನ್ನ ಕೈಲಿ ಆಗಲ್ಲ.

ಇವತ್ತಿನ ವಿಷಯ ನಮ್ಮ ಮನೆಯಿಂದಲೇ ಶುರುವಾಗಿದ್ದು. ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ. ಲೆಕ್ಕ ಬರುತ್ತೆ, ಓದಿ ಅರ್ಥ ಮಾಡ್ಕೊಳ್ಳೋದು ಬರುತ್ತೆ. ಇದನ್ನ ಕೇಳಿ ಯಾರೂ ಔಷಧ ಶುರು ಮಾಡಬೇಡಿ, ಬಿಡಲೂ ಬೇಡಿ. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತೆ.

ಕಾಕಾನ ಪ್ರಶ್ನೆ

ನಮ್ಮ ಕಾಕಾಗೆ ಈಗ 64. ಒಕ್ಕಲುತನ ಮಾಡಿದ ಗಟ್ಟಿ ಮೈ. ಎರಡು ವರ್ಷದಿಂದ ರಾತ್ರಿ ನಾಲ್ಕು ಸಲ, ಐದು ಸಲ ಒಂದಕ್ಕೆ ಎದ್ದು ಹೋಗ್ತಿದ್ರು. ಯಾರಿಗೂ ಹೇಳಲಿಲ್ಲ. ಕೊನೆಗೆ ಕಾಕಿ ನಮ್ಮ ಅಪ್ಪನ ಮುಂದೆ ಬಾಯಿ ಬಿಟ್ರು. ತಪಾಸಣೆಗೆ ಕರ್ಕೊಂಡು ಹೋದಾಗ ರಕ್ತದಲ್ಲಿ ಪಿಎಸ್‌ಎ 8 ದಾಟಿತ್ತು. ಆಮೇಲೆ ಸ್ಕ್ಯಾನು, ಆಮೇಲೆ ಸೂಜಿ ಹಾಕಿ ತುಣುಕು ತೆಗೆದು ನೋಡೋ ಬಯಾಪ್ಸಿ. ಪ್ರಾಸ್ಟೇಟ್ ಕ್ಯಾನ್ಸರ್, ಆದ್ರೆ ಆರಂಭದ್ದು, ಗ್ರಂಥಿಯ ಒಳಗೇ ಇದೆ ಅಂದ್ರು. ಆಪರೇಷನ್‌ಗೆ ಆರು ವಾರದ ಮೇಲಿನ ತಾರೀಖು ಕೊಟ್ರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳೋದು ಅಂದ್ರೆ ಕ್ಯಾನ್ಸರ್ ಅಂತಲ್ಲ. ವಯಸ್ಸಾದ ಗಂಡಸರಲ್ಲಿ ಈ ಗ್ರಂಥಿ ಸಾಮಾನ್ಯವಾಗಿ ದಪ್ಪ ಆಗುತ್ತೆ, ಅದು ಕ್ಯಾನ್ಸರ್ ಅಲ್ಲ. ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹೆಚ್ಚಿನ ಸಲ ಯಾವ ಲಕ್ಷಣವೂ ಇರೋದಿಲ್ಲ. ಕಾಕಾದು ಒಂದನ್ನ ಹುಡುಕ್ಕೊಂಡು ಹೋದಾಗ ಇನ್ನೊಂದು ಸಿಕ್ಕಿದ್ದು.

ಆ ಆರು ವಾರ ಇದೆಯಲ್ಲ, ಮನೆಯವರಿಗೆ ಅದು ದೊಡ್ಡ ಸಂಕಟ. ಮನೆಗೆ ಬಂದವರೆಲ್ಲ ಒಂದೊಂದು ಹೇಳ್ತಾರೆ. ಒಬ್ಬರು ಕಪ್ಪತಗುಡ್ಡದ ಬೇರು ಅಂದ್ರು. ಇನ್ನೊಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ರು: "ಹೊಸ ಸಂಶೋಧನೆ, ಹಾರ್ಮೋನ್ ಗುಳಿಗೆಯ ಕಡಿಮೆ ಡೋಸ್ ಸಾಕು". ಅದರ ಮೇಲೆ ಪಕ್ಕದ ಊರಿನ ಪರಿಚಯದವರ ಮನೆಯಲ್ಲಿ ಇದೇ ರೋಗಕ್ಕೆ ತಂದ ಗುಳಿಗೆ ಉಳಿದಿತ್ತು. ಅವರು ಪ್ರೀತಿಯಿಂದಲೇ ಡಬ್ಬಿ ಕೊಟ್ಟು ಹೋದ್ರು.

ಅವತ್ತು ರಾತ್ರಿ ಕಾಕಾ ನನ್ನ ಹತ್ರ ಬಂದು ಕೇಳಿದ್ರು: "ತಮ್ಮಾ, ನೀ ದಿನಾ ಮೊಬೈಲ್ನ್ಯಾಗ ಏನೇನರ ಓದತಿ. ಈ ಗುಳಿಗಿ ಅರ್ಧ ಮುರದು ತಗೊಂಡ್ರ ಆಪರೇಷನ್ ತಪ್ಪತೈತೇನು?"

ನನಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳ್ತೀನ್ರಿ ಕಾಕಾ, ಅಲ್ಲೀಮಟ ನುಂಗಬ್ಯಾಡ್ರಿ" ಅಂದೆ. ಆಮೇಲೆ ಓದ್ತಾ ಕೂತೆ. ವಿಡಿಯೋ ಪೂರ್ತಿ ಸುಳ್ಳಲ್ಲ ಅಂತ ಗೊತ್ತಾಯ್ತು. ಕಡಿಮೆ ಡೋಸ್ ಕೊಟ್ಟು ನೋಡುವ ಪ್ರಯೋಗಗಳು ನಿಜವಾಗಿಯೂ ಇವೆ, ಅದೂ ಆಪರೇಷನ್‌ಗೆ ಕಾಯುವ ಇದೇ ವಾರಗಳಲ್ಲಿ. ಆದ್ರೆ ಆ ಪ್ರಯೋಗ ಕೇಳ್ತಿರೋ ಪ್ರಶ್ನೆ ಬೇರೆ, ಕಾಕಾ ಕೇಳಿದ ಪ್ರಶ್ನೆ ಬೇರೆ. ಈ ವ್ಯತ್ಯಾಸವನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಈ ಗ್ರಂಥಿಗೂ ಹಾರ್ಮೋನಿಗೂ ಏನು ಸಂಬಂಧ?

ಪ್ರಾಸ್ಟೇಟ್ ಗಂಡಸರಲ್ಲಿ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುತ್ತದೆ. ವೀರ್ಯದ ದ್ರವದ ಒಂದು ಭಾಗ ಇಲ್ಲಿ ತಯಾರಾಗುತ್ತದೆ. ಇದು ಬೆಳೆಯೋದಕ್ಕೆ ಗಂಡು ಹಾರ್ಮೋನು, ಅಂದ್ರೆ ಟೆಸ್ಟೋಸ್ಟಿರಾನ್ ಬೇಕು. ಇಲ್ಲಿ ಹುಟ್ಟುವ ಕ್ಯಾನ್ಸರ್‌ಗೂ ಆರಂಭದಲ್ಲಿ ಅದೇ ಗೊಬ್ಬರ.

ಇದನ್ನು 1941ರಲ್ಲಿ ತೋರಿಸಿಕೊಟ್ಟವರು ಷಿಕಾಗೋ ವಿಶ್ವವಿದ್ಯಾಲಯದ ಚಾರ್ಲ್ಸ್ ಹಗಿನ್ಸ್. ವೃಷಣ ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಕುಗ್ಗುತ್ತದೆ ಅಂತ ಅವರು ಕಂಡುಕೊಂಡರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿನ ಹಾರ್ಮೋನ್ ಚಿಕಿತ್ಸೆಯ ಮೂಲ ಅಲ್ಲಿದೆ.

ನಮ್ಮೂರಿನವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ ತುಂಗಭದ್ರೆಯ ಮೇಲಿನ ನಮ್ಮ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ನೆನೆಸ್ಕೊಳ್ರಿ. ಒಂದು ಹೊಲಕ್ಕೆ ನೀರು ಹೋಗದ ಹಾಗೆ ಮಾಡಬೇಕು ಅಂದ್ರೆ ಮೂರು ದಾರಿ ಇವೆ.

ಒಂದು, ಹೊಳೆಯ ನೀರನ್ನೇ ನಿಲ್ಲಿಸೋದು. ವೃಷಣಕ್ಕೆ "ಹಾರ್ಮೋನು ತಯಾರು ಮಾಡು" ಅಂತ ಮೆದುಳಿನ ಕಡೆಯಿಂದ ಸಂದೇಶ ಹೋಗುತ್ತದೆ. ಆ ಸಂದೇಶವನ್ನೇ ನಿಲ್ಲಿಸುವ ಇಂಜೆಕ್ಷನ್‌ಗಳಿವೆ: ಲ್ಯೂಪ್ರೊಲೈಡ್, ಗೊಸೆರೆಲಿನ್, ಡೆಗರೆಲಿಕ್ಸ್.

ಎರಡು, ಪಕ್ಕದ ಹಳ್ಳಗಳನ್ನೂ ಕಟ್ಟೋದು. ಹೊಳೆ ನಿಂತ್ರೂ ಹಳ್ಳದ ನೀರು ಬರ್ತಿರುತ್ತೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಸ್ವಲ್ಪ ಗಂಡು ಹಾರ್ಮೋನಿನ ಕಚ್ಚಾ ಮಾಲು ಮಾಡುತ್ತದೆ. ಅಬಿರಟೆರೋನ್ ಅನ್ನೋ ಗುಳಿಗೆ ಅಲ್ಲಿಯ ಉತ್ಪಾದನೆಯನ್ನೂ ತಡೆಯುತ್ತದೆ.

ಮೂರು, ಹೊಲದ ಬಾಯಿಗೆ ಮಣ್ಣು ಒಡ್ಡೋದು. ಕಾಲುವೆಯಲ್ಲಿ ನೀರು ಹರೀತಾನೇ ಇರುತ್ತೆ, ಹೊಲದೊಳಗೆ ಮಾತ್ರ ಹೋಗಲ್ಲ. ಜೀವಕೋಶದಲ್ಲಿ ಹಾರ್ಮೋನು ಬಂದು ಕೂರುವ ಒಂದು ಜಾಗ ಇದೆ, ಅದಕ್ಕೆ ರಿಸೆಪ್ಟರ್ ಅಂತಾರೆ. ಬೈಕಾಲುಟಮೈಡ್, ಎಂಜಲುಟಮೈಡ್, ಅಪಲುಟಮೈಡ್, ಡರೊಲುಟಮೈಡ್ ಗುಳಿಗೆಗಳು ಆ ಜಾಗದಲ್ಲಿ ತಾವೇ ಹೋಗಿ ಕೂತುಬಿಡುತ್ತವೆ. ಈ ಗುಳಿಗೆ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಕಡಿಮೆ ಆಗೋದಿಲ್ಲ, ಸ್ವಲ್ಪ ಏರಬಹುದು ಕೂಡ.

ಆದ್ರೆ ಗುಳಿಗೆಗೆ ಯಾವ ಹೊಲ ಅಂತ ಗೊತ್ತಾಗಲ್ಲ. ಮೈಯಲ್ಲಿ ಎಲ್ಲೆಲ್ಲಿ ಆ ರಿಸೆಪ್ಟರ್ ಇದೆಯೋ ಅಲ್ಲೆಲ್ಲ ಕೆಲಸ ಮಾಡುತ್ತೆ. ಅದಕ್ಕೇ ಸುಸ್ತು, ಮೈ ಕಾವೇರೋದು, ಎದೆ ಊದಿ ನೋಯೋದು, ಲೈಂಗಿಕ ಆಸಕ್ತಿ ಹೋಗೋದು. ಗುಳಿಗೆಗೆ ತಕ್ಕಂತೆ ಬಿ.ಪಿ. ಏರೋದು, ಮೈಮೇಲೆ ಗಂಧೆ, ಥೈರಾಯ್ಡ್ ತೊಂದರೆ, ಬೀಳೋದು, ಮೂಳೆ ಮುರಿಯೋದು ಎಲ್ಲ ಇದೆ. ಅಪರೂಪಕ್ಕೆ ಫಿಟ್ಸ್ ಕೂಡ. ಹರಡಿದ ಕ್ಯಾನ್ಸರ್ ಇದ್ದವರಿಗೆ ಈ ಬೆಲೆ ಕೊಡೋದು ಸರಿ, ಜೀವ ಉಳಿಯೋ ಮಾತು ಅದು. ಆರಂಭದ ಕ್ಯಾನ್ಸರ್ ಇರೋರು ಇಷ್ಟೇ ಬೆಲೆ ಕೊಡಬೇಕಾ ಅನ್ನೋದೇ ಪ್ರಶ್ನೆ.

ಡೋಸ್ ಅನ್ನು ಯಾರು, ಹೇಗೆ ತೀರ್ಮಾನ ಮಾಡಿದ್ರು?

ಇಲ್ಲಿ ನನ್ನ ಬಿ.ಕಾಂ. ಉಪಯೋಗಕ್ಕೆ ಬಂತು ನೋಡ್ರಿ.

ಕ್ಯಾನ್ಸರ್ ಔಷಧಗಳ ಡೋಸ್ ಗೊತ್ತು ಮಾಡುವ ಹಳೆಯ ಪದ್ಧತಿ ಕೀಮೋಥೆರಪಿ ಕಾಲದ್ದು. ಸ್ವಲ್ಪ ಕೊಡೋದು, ಏರಿಸೋದು, ಇನ್ನೂ ಏರಿಸೋದು, ರೋಗಿ ಇನ್ನು ತಡ್ಕೊಳ್ಳಲ್ಲ ಅನ್ನೋ ಹಂತ ಬಂದಾಗ ಒಂದು ಮೆಟ್ಟಿಲು ಕೆಳಗೆ ಇಳಿಯೋದು. ಕೀಮೋದಲ್ಲಿ ಹೆಚ್ಚು ಕೊಟ್ಟಷ್ಟೂ ಹೆಚ್ಚು ಕ್ಯಾನ್ಸರ್ ಕೋಶ ಸಾಯುತ್ತವೆ ಅನ್ನೋ ನಂಬಿಕೆ ಅದರ ಹಿಂದೆ ಇತ್ತು.

ರಿಸೆಪ್ಟರ್ ಮುಚ್ಚುವ ಗುಳಿಗೆಯ ಲೆಕ್ಕ ಹಾಗಲ್ಲ. ಎಕನಾಮಿಕ್ಸ್‌ನಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ಅಂತ ಓದಿದ್ದು ನೆನಪಿದೆಯಾ? ಹಸಿದಾಗ ಮೊದಲನೇ ರೊಟ್ಟಿ ಕೊಡೋ ತೃಪ್ತಿ ಐದನೇ ರೊಟ್ಟಿ ಕೊಡಲ್ಲ. ಹಾಗೇನೇ ಕುರ್ಚಿ ನೂರಿದ್ದು, ತೊಂಬತ್ತೈದರಲ್ಲಿ ಔಷಧ ಕೂತುಬಿಟ್ಟಿದ್ರೆ ಡೋಸ್ ದುಪ್ಪಟ್ಟು ಮಾಡಿದ್ರೂ ಸಿಗೋದು ಉಳಿದ ಐದು ಕುರ್ಚಿ ಮಾತ್ರ. ಅಡ್ಡಪರಿಣಾಮ ಮಾತ್ರ ಅಲ್ಲಿಗೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ.

ಇದು ಬರೀ ನನ್ನ ಹೋಲಿಕೆ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಪ್ರಾಜೆಕ್ಟ್ ಆಪ್ಟಿಮಸ್ ಅಂತ ಶುರು ಮಾಡಿತು. ಕ್ಯಾನ್ಸರ್ ಔಷಧ ತಯಾರಿಸುವವರು ತಡೆದುಕೊಳ್ಳಬಹುದಾದ ಗರಿಷ್ಠ ಡೋಸ್ ಹುಡುಕಿ ಸುಮ್ಮನಾಗಬಾರದು, ಸರಿಯಾದ ಡೋಸ್ ಯಾವುದು ಅಂತ ಹೋಲಿಸಿ ತೋರಿಸಬೇಕು ಅನ್ನೋದು ಅದರ ಉದ್ದೇಶ.

ಆಪರೇಷನ್‌ಗೆ ಮುಂಚೆಯೇ ಯಾಕೆ ಪರೀಕ್ಷೆ?

ಬಯಾಪ್ಸಿಗೂ ಆಪರೇಷನ್‌ಗೂ ನಡುವೆ ಹೇಗೂ ಕೆಲವು ವಾರ ಅಂತರ ಇರುತ್ತದೆ. ಸಂಶೋಧಕರು ಆ ಅಂತರವನ್ನು ಕಿಟಕಿ ಅಂತ ಕರೀತಾರೆ. ಅಷ್ಟು ದಿನ ಗುಳಿಗೆ ಕೊಡ್ತಾರೆ. ಮುಂಚಿನ ಬಯಾಪ್ಸಿ ತುಣುಕು ಕೈಯಲ್ಲಿ ಇದೆ. ಆಪರೇಷನ್ ಆದಾಗ ಇಡೀ ಗ್ರಂಥಿ ಹೊರಗೆ ಬರುತ್ತದೆ. ಎರಡನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಹೋಲಿಸ್ತಾರೆ: ಕೋಶಗಳು ಎಷ್ಟು ವೇಗವಾಗಿ ಒಡೆದು ಬೆಳೀತಿದ್ವು, ಈಗ ಎಷ್ಟು? ಇದನ್ನು ಅಳೆಯೋಕೆ ಕೆಐ-67 ಅನ್ನೋ ಗುರುತು ಬಳಸ್ತಾರೆ. ರಕ್ತದ ಪಿಎಸ್‌ಎ ಎಷ್ಟು ಇಳೀತು, ಔಷಧ ಗ್ರಂಥಿಯೊಳಗೆ ನಿಜಕ್ಕೂ ಎಷ್ಟು ಸೇರಿದೆ ಅಂತಲೂ ನೋಡಬಹುದು.

ಕೋಶದ ಮೇಲೆ ಆಗೋ ಪರಿಣಾಮ ಹೀಗೆ ಕೆಲವೇ ವಾರದಲ್ಲಿ, ಕೆಲವೇ ಜನರಲ್ಲಿ ಗೊತ್ತಾಗುತ್ತೆ. ಇಲ್ಲದಿದ್ರೆ ಯಾವ ಡೋಸ್‌ನಲ್ಲಿ ಯಾರಿಗೆ ಕ್ಯಾನ್ಸರ್ ಬೆಳೀತು ಅಂತ ನೋಡೋಕೆ ಸಾವಿರಾರು ಜನರನ್ನು ಹತ್ತು ವರ್ಷ ಕಾಯಬೇಕು.

ಈ ದಾರಿ ಮೊದಲು ಚೆನ್ನಾಗಿ ಕೆಲಸ ಮಾಡಿದ್ದು ಸ್ತನ ಕ್ಯಾನ್ಸರ್‌ನಲ್ಲಿ. ಟಮೋಕ್ಸಿಫೆನ್ ಅಂತ ಹೆಣ್ಣು ಹಾರ್ಮೋನಿನ ರಿಸೆಪ್ಟರ್ ಮುಚ್ಚುವ ಗುಳಿಗೆ ಇದೆ. ರೂಢಿಯ ಡೋಸ್ ದಿನಕ್ಕೆ 20 ಮಿಲಿಗ್ರಾಂ. ಇಟಲಿಯ ಆಂಡ್ರಿಯಾ ಡಿಸೆನ್ಸಿ ಮತ್ತು ಸಂಗಡಿಗರು 120 ಮಹಿಳೆಯರಿಗೆ ಆಪರೇಷನ್‌ಗೆ ಮುಂಚೆ ನಾಲ್ಕು ವಾರ 1, 5 ಅಥವಾ 20 ಮಿಲಿಗ್ರಾಂ ಕೊಟ್ಟು ನೋಡಿದರು. 2003ರಲ್ಲಿ ಫಲಿತಾಂಶ ಬಂತು: ಕೋಶಗಳ ಬೆಳವಣಿಗೆ ಮೂರೂ ಡೋಸ್‌ನಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ತಗ್ಗಿತ್ತು.

ಅವರು ಅಲ್ಲಿಗೇ "ಸಾಕು, ಇನ್ನು ಎಲ್ಲಾರೂ ಕಡಿಮೆ ನುಂಗ್ರಿ" ಅನ್ನಲಿಲ್ಲ. ಆಮೇಲೆ ಇನ್ನೊಂದು ದೊಡ್ಡ ಪ್ರಯೋಗ ಮಾಡಿದರು. ಆಕ್ರಮಣಕಾರಿ ಆಗುವ ಮುಂಚಿನ ಹಂತದ ಸ್ತನದ ಗಂಟು ಇದ್ದ 500 ಮಹಿಳೆಯರಿಗೆ ಆಪರೇಷನ್ ಆದ ಮೇಲೆ ಮೂರು ವರ್ಷ 5 ಮಿಲಿಗ್ರಾಂ ಅಥವಾ ಔಷಧವಿಲ್ಲದ ಖಾಲಿ ಗುಳಿಗೆ ಕೊಟ್ಟರು. 2019ರಲ್ಲಿ ಪ್ರಕಟವಾದ ಪ್ರಕಾರ ಕಡಿಮೆ ಡೋಸ್ ಪಡೆದವರಲ್ಲಿ ರೋಗ ಮರುಕಳಿಸೋದು ಸುಮಾರು ಅರ್ಧಕ್ಕಿಳಿದಿತ್ತು. 2003ರಿಂದ 2019. ಒಂದು ಗುಳಿಗೆಯನ್ನು ಕಾಲು ಭಾಗ ಮಾಡಬಹುದು ಅಂತ ಖಾತ್ರಿಯಾಗೋಕೆ ಹದಿನಾರು ವರ್ಷ. ಈ ಲೆಕ್ಕ ನೆನಪಿಟ್ಕೊಳ್ರಿ.

ಪ್ರಾಸ್ಟೇಟ್ ವಿಷಯದಲ್ಲಿ ಎಲ್ಲಿದ್ದೀವಿ?

ಇಲ್ಲಿ ಕತೆ ಇನ್ನೂ ಅರ್ಧ ದಾರಿಯಲ್ಲಿದೆ. ನಾಲ್ಕು ಪ್ರಯೋಗಗಳ ಫಲಿತಾಂಶ ಹೇಳ್ತೀನಿ, ಒಳ್ಳೇದು ಕೆಟ್ಟದ್ದು ಎರಡೂ.

ಮೊದಲನೇದು, 1990ರ ದಶಕದಲ್ಲಿ ಆಪರೇಷನ್‌ಗೆ ಮುಂಚೆ ಮೂರು ತಿಂಗಳು ಪೂರ್ಣ ಪ್ರಮಾಣದ ಹಾರ್ಮೋನ್ ಚಿಕಿತ್ಸೆ ಕೊಟ್ಟು ನೋಡಿದ್ದು. ಗ್ರಂಥಿ ಕುಗ್ಗಿತು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿಯೋದು ಕಡಿಮೆ ಆಯ್ತು. ಆದ್ರೆ ಐದು ವರ್ಷದ ಮೇಲೆ ನೋಡಿದ್ರೆ ಪಿಎಸ್‌ಎ ಮತ್ತೆ ಏರೋದರಲ್ಲಿ ವ್ಯತ್ಯಾಸ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿ ಕಂಡಿದ್ದೆಲ್ಲ ರೋಗಿಗೆ ಲಾಭ ಆಗಲ್ಲ ಅನ್ನೋ ಪಾಠ ಅದು.

ಎರಡನೇದು, ಬೈಕಾಲುಟಮೈಡ್. 8,000ಕ್ಕೂ ಹೆಚ್ಚು ಗಂಡಸರಿಗೆ ದಿನಕ್ಕೆ 150 ಮಿಲಿಗ್ರಾಂ ಅಥವಾ ಖಾಲಿ ಗುಳಿಗೆ ಕೊಟ್ಟ ದೊಡ್ಡ ಪ್ರಯೋಗ. ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದವರ ಆಯುಷ್ಯ ಇದರಿಂದ ಹೆಚ್ಚಲಿಲ್ಲ. ಆಪರೇಷನ್ ಇಲ್ಲದೆ ಕಾದು ನೋಡುತ್ತಿದ್ದವರಲ್ಲಿ ಗುಳಿಗೆ ತಗೊಂಡವರ ಸಾವೇ ಸ್ವಲ್ಪ ಹೆಚ್ಚು ಇರಬಹುದು ಅನ್ನೋ ಸೂಚನೆ ಕೂಡ ಕಂಡಿತು. ಅಂದ್ರೆ "ಹಾರ್ಮೋನ್ ಗುಳಿಗೆ, ಹಾನಿ ಏನೂ ಇಲ್ಲ, ತಗೊಂಡಿರೋಣ" ಅನ್ನೋ ಮಾತು ನಿಲ್ಲಲ್ಲ.

ಮೂರನೇದು, ಎಂಜಲುಟಮೈಡ್. 2022ರಲ್ಲಿ ಪ್ರಕಟವಾದ ಎನಾಕ್ಟ್ ಅನ್ನೋ ಪ್ರಯೋಗ. ಆಪರೇಷನ್ ಮಾಡದೆ ಬರೀ ನಿಗಾ ಇಟ್ಟಿದ್ದ 227 ಗಂಡಸರಲ್ಲಿ ಅರ್ಧ ಜನರಿಗೆ ಒಂದು ವರ್ಷ ಪೂರ್ಣ ಡೋಸ್, ಅಂದ್ರೆ 160 ಮಿಲಿಗ್ರಾಂ ಕೊಟ್ಟರು. ರೋಗ ಮುಂದುವರಿಯುವ ಅಪಾಯ 46 ಶೇಕಡಾ ತಗ್ಗಿತು. ಆದ್ರೆ ಗುಳಿಗೆ ತಗೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸುಸ್ತು, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಎದೆ ಊತ. ಆರಾಮಾಗಿ ಹೊಲಕ್ಕೆ ಹೋಗ್ತಿದ್ದ ಮನುಷ್ಯ ಗುಳಿಗೆಯಿಂದ ಮಲಗಿದ್ರೆ ಏನು ಬಂತು? ಪೂರ್ಣ ಡೋಸ್ ಕೆಲಸ ಮಾಡುತ್ತೆ, ಬೆಲೆ ಜಾಸ್ತಿ. ಹಾಗಾದ್ರೆ ಕಡಿಮೆ ಡೋಸ್? ಕಡಿಮೆ ಡೋಸ್ ಪ್ರಯೋಗಗಳ ಆಸಕ್ತಿ ಇಲ್ಲೇ ಹುಟ್ಟೋದು. ಅಪಲುಟಮೈಡ್‌ನ ರೂಢಿಯ ಡೋಸ್ ದಿನಕ್ಕೆ 240 ಮಿಲಿಗ್ರಾಂ. ಅದಕ್ಕಿಂತ ಕಡಿಮೆ ಕೊಟ್ಟು, ಆಪರೇಷನ್ ಮುಂಚಿನ ವಾರಗಳಲ್ಲಿ ಪಿಎಸ್‌ಎ ಸಾಕಷ್ಟು ಇಳಿಯುತ್ತಾ ಅಂತ ನೋಡುವ ಪ್ರಯೋಗವನ್ನು ಅಮೆರಿಕದಲ್ಲಿ ಕೈಗೆತ್ತಿಕೊಂಡಿದ್ದಾರೆ.

ನಾಲ್ಕನೇದು, ಅಬಿರಟೆರೋನ್. ಇದು ಆರಂಭದ ಕ್ಯಾನ್ಸರ್ ಅಲ್ಲ, ಮುಂದುವರಿದದ್ದು, ಆದ್ರೂ ಹೇಳಲೇಬೇಕು. ಪೂರ್ಣ ಡೋಸ್ 1,000 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ. ಷಿಕಾಗೋದ ರಸೆಲ್ ಷ್ಮುಲೆವಿಟ್ಜ್ ತಂಡ 72 ಜನರಲ್ಲಿ ಅರ್ಧದಷ್ಟು ಮಂದಿಗೆ 250 ಮಿಲಿಗ್ರಾಂ ಮಾತ್ರ, ಕಡಿಮೆ ಕೊಬ್ಬಿನ ನಾಷ್ಟಾ ಜೊತೆ ಕೊಟ್ಟಿತು. 2018ರ ವರದಿ ಪ್ರಕಾರ ಪಿಎಸ್‌ಎ ಇಳಿಯೋದರಲ್ಲಿ ಕಾಲು ಡೋಸ್ ಪೂರ್ಣ ಡೋಸ್‌ಗಿಂತ ಹಿಂದೆ ಬೀಳಲಿಲ್ಲ. ಲೆಕ್ಕ ಹಾಕ್ರಿ: 250ರ ಗುಳಿಗೆ ತಿಂಗಳಿಗೆ 120 ಬೇಕಾದಲ್ಲಿ 30. ಮನೆಯ ಖರ್ಚಿನಲ್ಲಿ ಅದು ಎಷ್ಟು ವ್ಯತ್ಯಾಸ ಅಂತ ನಾನು ಹೇಳಬೇಕಾಗಿಲ್ಲ. ಅಮೆರಿಕದ ಚಿಕಿತ್ಸಾ ಮಾರ್ಗಸೂಚಿಯಲ್ಲೂ ಇದಕ್ಕೆ ಒಂದು ಆಯ್ಕೆಯಾಗಿ ಜಾಗ ಸಿಕ್ಕಿತು.

ನಮ್ಮ ದೇಶದಲ್ಲೂ ಈ ಯೋಚನೆ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ ನಿವೊಲುಮ್ಯಾಬ್ ಅನ್ನೋ ದುಬಾರಿ ಇಮ್ಯುನೋಥೆರಪಿಯನ್ನು ಬರೀ 20 ಮಿಲಿಗ್ರಾಂ, ರೂಢಿಯ ಡೋಸ್‌ನ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ, ಬೇರೆ ಔಷಧಗಳ ಜೊತೆ ಕೊಟ್ಟು ನೋಡಿದರು. 151 ರೋಗಿಗಳ ಆ ಪ್ರಯೋಗದಲ್ಲಿ ಒಂದು ವರ್ಷ ಬದುಕುಳಿದವರು 16 ಶೇಕಡಾದಿಂದ 43 ಶೇಕಡಾಕ್ಕೆ ಏರಿದರು. ಬೇರೆ ರೋಗ, ಬೇರೆ ಔಷಧ. ಆದ್ರೆ "ಕಡಿಮೆ ಡೋಸ್ ಅಂದ್ರೆ ಬಡವರಿಗೆ ಕಳಪೆ ಚಿಕಿತ್ಸೆ" ಅನ್ನೋದು ಯಾವಾಗಲೂ ನಿಜ ಅಲ್ಲ, ಸರಿಯಾಗಿ ಪರೀಕ್ಷೆ ಮಾಡಿದ್ರೆ.

ಹಾಗಾದ್ರೆ ಮನೆಯಲ್ಲಿ ಅರ್ಧ ಮುರಿದ್ರೆ ಏನಾಗುತ್ತೆ?

ಈಗ ಕಾಕಾನ ಪ್ರಶ್ನೆಗೆ ಬರ್ತೀನಿ. ನಾನು ಅವರ ಮುಂದೆ ಕೂತು ನಾಲ್ಕು ಮಾತು ಹೇಳಿದೆ.

ಒಂದು: ಈ ಪ್ರಯೋಗಗಳಲ್ಲಿ ಯಾರ ಆಪರೇಷನ್ನೂ ತಪ್ಪಲ್ಲ. ಆಪರೇಷನ್ ಆದ್ರೇನೇ ಪ್ರಯೋಗ ಮುಗಿಯೋದು. ಗುಳಿಗೆ ಕೊಡೋದು ಡೋಸ್ ಕಲಿಯೋಕೆ. ಅದರಲ್ಲಿ ಸೇರಿದವರಿಗೇ ಲಾಭ ಆಗುತ್ತೆ ಅಂತ ಯಾರೂ ಹೇಳಿಲ್ಲ. ಲಾಭ ಸಿಕ್ಕಿದ್ರೆ ಮುಂದೆ ಬರೋರಿಗೆ.

ಎರಡು: ಊಟ. ಇದೇ ಅಬಿರಟೆರೋನ್ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ತಗೊಳ್ಳೋದಕ್ಕೂ ಜಿಡ್ಡಿನ ಊಟದ ಜೊತೆ ತಗೊಳ್ಳೋದಕ್ಕೂ ಮೈಗೆ ಸೇರೋ ಪ್ರಮಾಣ ಹತ್ತು ಪಟ್ಟಿನವರೆಗೆ ಬದಲಾಗಬಹುದು. ಗದಗಿನ ಮಿರ್ಚಿ ಭಜಿ, ಗಿರ್ಮಿಟ್ಟಿನ ಜೊತೆ "ಅರ್ಧ" ನುಂಗಿದ್ರೆ ಅದು ಅರ್ಧಾನೋ ಐದು ಪಟ್ಟೋ ಯಾರಿಗೆ ಗೊತ್ತು? ಆ ಗುಳಿಗೆ ಜೊತೆ ಸ್ಟೆರಾಯ್ಡ್ ಗುಳಿಗೆ ಕೊಡ್ತಾರೆ, ಬಿ.ಪಿ., ಪೊಟ್ಯಾಷಿಯಮ್, ಲಿವರ್ ನೋಡ್ತಿರ್ತಾರೆ. ಡಬ್ಬಿ ಕೊಟ್ಟವರು ಅದನ್ನೆಲ್ಲ ಕೊಡಲಿಲ್ಲವಲ್ಲ.

ಮೂರು: ಬೇರೆ ಗುಳಿಗೆಗಳ ಜೊತೆ ಜಗಳ. ಎಂಜಲುಟಮೈಡ್, ಅಪಲುಟಮೈಡ್ ಲಿವರ್‌ನ ಕೆಲಸ ಚುರುಕು ಮಾಡಿ ಬೇರೆ ಕೆಲವು ಔಷಧಗಳನ್ನು ಬೇಗ ಕರಗಿಸಿಬಿಡುತ್ತವೆ. ರಕ್ತ ತೆಳು ಮಾಡುವ ವಾರ್ಫರಿನ್ ಅಂಥದ್ದು ತಗೊಳ್ಳೋರಿಗೆ ಇದು ಗಂಭೀರ.

ನಾಲ್ಕು, ನನಗೆ ಹೆಚ್ಚು ಮುಖ್ಯ ಅನಿಸಿದ್ದು: ಗುರುತು ಅಳಿಸಿಹೋಗೋದು. ಹಾರ್ಮೋನ್ ಔಷಧ ತಗೊಂಡ ಮೇಲೆ ಪಿಎಸ್‌ಎ ಇಳಿಯುತ್ತೆ. ತೆಗೆದ ಗ್ರಂಥಿಯಲ್ಲಿ ಕೋಶಗಳ ರೂಪವೂ ಬದಲಾಗಿ ಕ್ಯಾನ್ಸರ್ ಎಷ್ಟು ಉಗ್ರ ಅಂತ ದರ್ಜೆ ಹಾಕೋದು ಕಷ್ಟ ಆಗುತ್ತೆ. ಡಾಕ್ಟರಿಗೆ ಹೇಳದೆ ನುಂಗಿದ್ರೆ ಅವರು ತಪ್ಪು ನಕ್ಷೆ ಹಿಡ್ಕೊಂಡು ಆಪರೇಷನ್‌ಗೆ ಇಳಿದ ಹಾಗೆ.

ನಮ್ಮ ವಯಸ್ಸಿನವರಿಗೂ ಇದರಲ್ಲಿ ಒಂದು ಮಾತಿದೆ. ಕೂದಲು ಉದುರೋದಕ್ಕೆ ಎಷ್ಟೋ ಹುಡುಗರು ಫಿನಾಸ್ಟರೈಡ್ 1 ಮಿಲಿಗ್ರಾಂ ತಗೋತಾರೆ. ಅದೇ ಔಷಧ 5 ಮಿಲಿಗ್ರಾಂ ಆದ್ರೆ ದಪ್ಪಗಾದ ಪ್ರಾಸ್ಟೇಟ್‌ಗೆ. ಆ 5 ಮಿಲಿಗ್ರಾಂ ಗುಳಿಗೆ ಕೆಲವು ತಿಂಗಳು ತಗೊಂಡ್ರೆ ಪಿಎಸ್‌ಎ ಸುಮಾರು ಅರ್ಧಕ್ಕಿಳಿಯುತ್ತೆ. ಹಾಗಾಗಿ ಮನೆಯಲ್ಲಿ ಹಿರಿಯರಿಗೆ ಪಿಎಸ್‌ಎ ಮಾಡಿಸೋ ಮುಂಚೆ ಏನೇನು ಗುಳಿಗೆ ತಗೋತಾರೆ ಅಂತ ಚೀಟಿ ಬರ್ಕೊಂಡು ಹೋಗ್ರಿ.

ಆಪರೇಷನ್ ಬಿಟ್ಟು ಬೇರೆ ದಾರಿ?

ಇದೆ. ಎಲ್ಲರಿಗೂ ಅಲ್ಲ. ಬ್ರಿಟನ್ನಿನ ಪ್ರೊಟೆಕ್ಟ್ ಅನ್ನೋ ಪ್ರಯೋಗದಲ್ಲಿ ಆರಂಭದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿದರು: ಬರೀ ನಿಗಾ, ಆಪರೇಷನ್, ರೇಡಿಯೋಥೆರಪಿ. 2023ರಲ್ಲಿ 15 ವರ್ಷದ ಲೆಕ್ಕ ಬಂತು. ಮೂರೂ ಗುಂಪು ಸೇರಿ ಈ ಕ್ಯಾನ್ಸರ್‌ನಿಂದ ಸತ್ತವರು 45, ಶೇಕಡಾ ಮೂರಕ್ಕಿಂತ ಕಡಿಮೆ. ಗುಂಪುಗಳ ನಡುವೆ ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದ್ರೆ ಬೇರೆ ಕಡೆ ಹರಡಿದ್ದು ನಿಗಾ ಗುಂಪಿನಲ್ಲಿ 9.4 ಶೇಕಡಾ, ಆಪರೇಷನ್ ಗುಂಪಿನಲ್ಲಿ 4.7. ಅಂದ್ರೆ ಕಾಯೋದಕ್ಕೂ ಒಂದು ಬೆಲೆ ಇದೆ, ಆಪರೇಷನ್‌ಗೂ ಮೂತ್ರ ಸೋರೋದು, ಲೈಂಗಿಕ ತೊಂದರೆ ಅಂತ ಒಂದು ಬೆಲೆ ಇದೆ. ಕಡಿಮೆ ಡೋಸ್ ಗುಳಿಗೆ ಮುಂದೆ ಎಂದಾದ್ರೂ ಉಪಯೋಗಕ್ಕೆ ಬಂದ್ರೆ, ಹೀಗೆ ನಿಗಾದಲ್ಲಿ ಇರೋರಿಗೇ ಹೆಚ್ಚು ಬರಬಹುದು.

ನಮ್ಮ ಕಡೆಯ ಕಷ್ಟ ಬೇರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ಇಟ್ಟಿದೆ. ಬೆಂಗಳೂರಿನ ಗಂಡಸರಲ್ಲಿ ಹೆಚ್ಚು ಕಾಣೋ ಕ್ಯಾನ್ಸರ್‌ಗಳ ಸಾಲಿನಲ್ಲಿ ಪ್ರಾಸ್ಟೇಟ್ ಇದೆ. ಆದ್ರೆ ನಮ್ಮ ಹಳ್ಳಿಗಳಲ್ಲಿ ಗಂಡಸರು ಇದನ್ನ ಬಾಯಿ ಬಿಟ್ಟು ಹೇಳೋದೇ ಇಲ್ಲ. "ವಯಸ್ಸಾತು, ಹಂಗ ಇರತೈತಿ" ಅಂತಾರೆ. ಸೊಂಟದ ಮೂಳೆಗೆ ಬಂದು ನೋವು ತಡೆಯೋಕಾಗದೆ ಇದ್ದಾಗ ಗದಗಿಗೋ ಹುಬ್ಬಳ್ಳಿಗೋ ಓಡ್ತೀವಿ. ಆಗ "ಆರಂಭದ ಕ್ಯಾನ್ಸರ್‌ಗೆ ಎಷ್ಟು ಡೋಸ್" ಅನ್ನೋ ಪ್ರಶ್ನೆಯೇ ಉಳಿಯಲ್ಲ.

ನಿಮ್ಮ ಮನೆಯವರನ್ನು ಪ್ರಯೋಗಕ್ಕೆ ಕರೆದ್ರೆ

ಎಲ್ಲಾದ್ರೂ ದೊಡ್ಡ ಆಸ್ಪತ್ರೆಯಲ್ಲಿ "ಒಂದು ಸ್ಟಡಿ ಇದೆ, ಸೇರ್ತೀರಾ" ಅಂತ ಕೇಳಿದ್ರೆ ಹೆದರಬೇಡಿ, ಕುರುಡಾಗಿ ಸಹಿಯನ್ನೂ ಹಾಕಬೇಡಿ. ಕೇಳಬೇಕಾದ್ದು ಇಷ್ಟು.

ಈ ಪ್ರಯೋಗ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದೆಯಾ? ಈ ನೋಂದಣಿ 2007ರಲ್ಲಿ ಶುರುವಾಗಿ 2009ರಿಂದ ಕಡ್ಡಾಯ ಆಗಿದೆ. ನಂಬರ್ ತಗೊಂಡು ಮೊಬೈಲ್‌ನಲ್ಲೇ ನೋಡಬಹುದು. ಮಾಹಿತಿ ಪತ್ರ ಕನ್ನಡದಲ್ಲಿ ಕೊಡ್ತೀರಾ? ಅರ್ಥವಾಗುವ ಭಾಷೆಯಲ್ಲಿ ವಿವರಿಸೋದು ಅವರ ಕರ್ತವ್ಯ. ನಡುವೆ ಬಿಡಬಹುದಾ? ಯಾವಾಗ ಬೇಕಾದ್ರೂ ಬಿಡಬಹುದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ತೊಂದರೆ ಆದ್ರೆ? 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗದಿಂದ ಆದ ಹಾನಿಗೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಇವೆ. ಕೊನೇದಾಗಿ: ಇದರಿಂದ ನಮ್ಮ ಆಪರೇಷನ್ ತಾರೀಖು ಮುಂದೆ ಹೋಗುತ್ತಾ? ಇದಕ್ಕೆ ನೇರ ಉತ್ತರ ಸಿಗದೆ ಸಹಿ ಬೇಡ.

ಕಾಕಾ ಏನು ಮಾಡಿದ್ರು?

ಎಲ್ಲ ಕೇಳಿಸ್ಕೊಂಡು ಸುಮ್ಮನೆ ಕೂತಿದ್ರು. ಆಮೇಲೆ ನಿಧಾನಕ್ಕೆ ಅಂದ್ರು: "ಆಪರೇಷನ್ ಆದ್ಮ್ಯಾಲ ಒಂದಕ್ಕ ತಡಕೊಳ್ಳಾಕ ಆಗಲ್ಲಂತ ಹೇಳ್ತಾರ. ನಾಕ್ ಮಂದಿ ನಡುವ ಕುಂತಾಗ ಧೋತರ ಹಸಿ ಆದ್ರ ಹೆಂಗ ತಮ್ಮಾ?"

ಅವರ ನಿಜವಾದ ಪ್ರಶ್ನೆ ಇದಾಗಿತ್ತು. ಗುಳಿಗೆಯ ಡೋಸ್ ಅಲ್ಲ. ಅದನ್ನ ಕೇಳೋಕೆ ನಾಚಿಕೆ ಆಗಿ ಗುಳಿಗೆ ಹಿಂದೆ ಬಿದ್ದಿದ್ರು.

ಮರುವಾರ ನಾನೂ ಜೊತೆಗೆ ಹೋದೆ. ಡಾಕ್ಟರ ಮುಂದೆ ಕಾಕಾ ನೆಲ ನೋಡ್ತಾ ಕೂತ್ರು, ನಾನೇ ಕೇಳಿದೆ. ಅವರು ಬೇಜಾರು ಮಾಡ್ಕೊಳ್ಳದೆ ಹೇಳಿದ್ರು: ಮೂತ್ರ ಸೋರೋದು ಶುರುವಿನಲ್ಲಿ ಇರುತ್ತೆ, ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸುಧಾರಿಸುತ್ತೆ, ಕೆಲವರಿಗೆ ಪೂರ್ತಿ ಹೋಗಲ್ಲ, ಈಗಿನಿಂದಲೇ ಮಾಡೋ ವ್ಯಾಯಾಮ ಇದೆ. ಬಯಾಪ್ಸಿಯ ದರ್ಜೆ ಮಧ್ಯಮ ಇರೋದ್ರಿಂದ ಕಾಕಾಗೆ ಬರೀ ನಿಗಾಕ್ಕಿಂತ ಆಪರೇಷನ್ ಅಥವಾ ರೇಡಿಯೇಷನ್ ಒಳ್ಳೇದು, ಎರಡರಲ್ಲಿ ನೀವೇ ಆರಿಸ್ಕೊಳ್ಳಬಹುದು ಅಂತ. ಗುಳಿಗೆ ನುಂಗಿಲ್ಲ ಅಂತ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು.

ಕಾಕಾ ಆಪರೇಷನ್ನೇ ಅಂದ್ರು. ತಾರೀಖು ಇನ್ನೂ ಹದಿಮೂರು ದಿನ ಇದೆ. ದಿನಾ ಬೆಳಿಗ್ಗೆ ಕಟ್ಟೆ ಮೇಲೆ ಕೂತು ವ್ಯಾಯಾಮ ಮಾಡ್ತಾರೆ, ಯಾರಾದ್ರೂ ಬಂದ್ರೆ ನಿಲ್ಲಿಸ್ತಾರೆ. ಡಬ್ಬಿಯನ್ನ ಕೊಟ್ಟವರ ಮನೆಗೇ ವಾಪಸ್ ಮುಟ್ಟಿಸಿ ಬಂದ್ವಿ, ಆಸ್ಪತ್ರೆಗೆ ಒಪ್ಪಿಸ್ರಿ ಅಂತ ಹೇಳಿ.

ಕಡಿಮೆ ಡೋಸ್ ಪ್ರಯೋಗಗಳು ಗೆಲ್ಲಲಿ ಅಂತ ನನಗೂ ಆಸೆ ಇದೆ. ಇನ್ನು ಹತ್ತು ವರ್ಷಕ್ಕೆ ಯಾರದೋ ಕಾಕಾಗೆ ಪೂರ್ಣ ಗುಳಿಗೆಯ ಸುಸ್ತಿಲ್ಲದೆ, ಕತ್ತರಿ ಇಲ್ಲದೆ ದಿನ ಕಳೆಯೋ ದಾರಿ ಸಿಗಬಹುದು. ಇವತ್ತಿಗೆ ಅದು ಪ್ರಶ್ನೆ ಅಷ್ಟೇ, ಉತ್ತರ ಅಲ್ಲ.

ಈ ಸಂಚಿಕೆ ಕೇಳಿದ ಮೇಲೆ ಒಂದೇ ಕೆಲಸ ಮಾಡ್ರಿ. ನಿಮ್ಮ ಅಪ್ಪಾನೋ ಕಾಕಾನೋ ಮಾವನೋ ರಾತ್ರಿ ಎಷ್ಟು ಸಲ ಏಳ್ತಾರೆ ಅಂತ ಕೇಳ್ರಿ. ಅವರು ಹೇಳಲಿಕ್ಕಿಲ್ಲ. ಅವ್ವನ್ನ, ಕಾಕಿನ್ನ ಕೇಳ್ರಿ, ಅವರಿಗೆ ಗೊತ್ತಿರುತ್ತೆ.

ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ.